ಒಣಗಿದ ಮ್ಯಾಲೆ ಹೇಳು

ಸಂಕ್ರಾಂತಿ ಮುಗಿದ ವಾರ ವಿಜಯಪುರದ ನಮ್ಮ ಮನೆ ಮಾಳಿಗೆ ಮೇಲಿನ 14 ಕುಂಡಗಳಿಂದ ಹಣ್ಣಾದ ಮೆಣಸಿನಕಾಯಿ ಕಿತ್ತೆ. ತಕ್ಕಡಿ 2 ಕಿಲೋ 400 ಗ್ರಾಂ ತೋರಿಸಿತು. ಖುಷಿಯಿಂದ ಕೆಳಗೆ ಬಂದು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ ಅಂದಳು: "ಒಣಗಿದ ಮ್ಯಾಲೆ ಹೇಳಪಾ."

ಅವಳು ಹೇಳಿದ್ದು ಸರಿ. ಹಣ್ಣು ಮೆಣಸಿನಕಾಯಿಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. 100 ಕಿಲೋ ಹಣ್ಣುಕಾಯಿ ಒಣಗಿಸಿದರೆ ಕೈಗೆ ಬರುವುದು 25ರಿಂದ 35 ಕಿಲೋ. ಅಂದರೆ ಹಸಿ ಕಾಯಿ ತೂಗುವಾಗ ನಾವು ಜಾಸ್ತಿ ತೂಗುವುದು ನೀರನ್ನೇ. ಗಿಡ ಬಿಸಿಲು ಹೀರಿ ಕಟ್ಟಿಕೊಂಡ ಸರಕು ಎಷ್ಟು ಅನ್ನೋದು ಆ ನೀರು ಹೋದ ಮೇಲೆಯೇ ಗೊತ್ತಾಗುತ್ತದೆ.

ಹೋದ ವರ್ಷ ನಾನು ಅವಸರ ಮಾಡಿದ್ದೆ. ಅಷ್ಟೇ ಹಸಿ ಕಾಯಿ 900 ಗ್ರಾಂಗೆ ಇಳಿದಾಗ, ಮೇಲೆ ಮುಟ್ಟಿದರೆ ಒಣಗಿದಂತಿದೆ ಅಂತ ಡಬ್ಬಿಗೆ ತುಂಬಿದೆ. ಹದಿನೈದು ದಿನಕ್ಕೆ ತೊಟ್ಟಿನ ಹತ್ತಿರ ಬೂದು ಬಣ್ಣದ ಬೂಷ್ಟು. ಲೆಕ್ಕ ಹಾಕಿ ನೋಡಿದರೆ ಆ 900 ಗ್ರಾಂನಲ್ಲಿ ಇನ್ನೂ 320 ಗ್ರಾಂನಷ್ಟು ನೀರಿತ್ತು. ಎಲ್ಲವನ್ನೂ ಎಸೆದೆ. ಮೆಣಸಿನಕಾಯಿಗೆ ಬರುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಅದು ಯಕೃತ್ತಿಗೆ ಕೆಟ್ಟದ್ದು, ಒಗ್ಗರಣೆಯ ಬಿಸಿಗೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಒರೆಸಿ ಬಳಸೋಣ ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ.

ಈ ಸಲ ಸರಿಯಾಗಿ 100 ಗ್ರಾಂ ಕಾಯಿ ಬೇರೆ ಇಟ್ಟೆ. ದಿನಾ ಸಂಜೆ ತೂಗಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದೆ. ನಾಲ್ಕನೇ ದಿನಕ್ಕೆ 52. ಎಂಟನೇ ದಿನಕ್ಕೆ 33. ಹನ್ನೆರಡಕ್ಕೆ 27, ಹದಿಮೂರಕ್ಕೂ 27. ಮೊದಲು ಸರಸರ ಇಳಿದದ್ದು ಆಮೇಲೆ ಯಾಕೆ ತೆವಳುತ್ತದೆ? ಮೊದಮೊದಲು ನೀರು ಬೇಕಾದಷ್ಟಿರುತ್ತದೆ, ಬೇಗ ಹೊರಬೀಳುತ್ತದೆ. ಉಳಿದದ್ದು ಒಳಗಿನ ತಿರುಳಿನಿಂದ ಒಣಗಿ ಬಿಗಿಯಾದ ಸಿಪ್ಪೆ ದಾಟಿ ಬರಬೇಕು. ಮೇಲ್ಗಡೆ ಒಣಗಿ ಒಳಗೆ ಹಸಿ ಉಳಿಯೋದು ಇದಕ್ಕೇ. ಎರಡು ದಿನ ತೂಕ ಕದಲದಿದ್ದರೆ ಒಣಗಿತು ಅಂತ ಅರ್ಥ. ಅವ್ವ ತಕ್ಕಡಿ ಮುಟ್ಟಲೇ ಇಲ್ಲ. ಒಂದು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿದಳು. ಒಳಗೆ ಬೀಜ ಗಲಗಲ ಅಂದವು. "ಆತು," ಅಂದಳು.

ಇದೇ ಲೆಕ್ಕ ದೊಡ್ಡದಾಗಿ ನೋಡಬೇಕಾದರೆ ಫೆಬ್ರುವರಿ, ಮಾರ್ಚ್‌ನಲ್ಲಿ ತಿಕೋಟಾ ಕಡೆಗೆ ಹೋಗಬೇಕು. ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಬಲೆಯ ಅಟ್ಟಣಿಗೆಗಳ ಮೇಲೆ ಹಸಿರು ಗೊಂಚಲು ಹರಡಿರುತ್ತಾರೆ. ಹಣ್ಣಿನ ಮೈಮೇಲಿನ ಮೇಣ ನೀರನ್ನು ಹೊರಬಿಡುವುದಿಲ್ಲ. ಹಾಗಾಗಿ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಅಲ್ಲಿನ ರೈತರು ಹಣ್ಣಿನ ತೂಕಕ್ಕಿಂತ ಮೊದಲು ಕೇಳೋದು "ಬ್ರಿಕ್ಸ್ ಎಷ್ಟ ಐತಿ?" ಅಂತ. ಬ್ರಿಕ್ಸ್ ಅಂದರೆ 100 ಗ್ರಾಂ ರಸದಲ್ಲಿ ಕರಗಿರುವ ಗಟ್ಟಿ ಸರಕು, ಹೆಚ್ಚಾಗಿ ಸಕ್ಕರೆ, ಎಷ್ಟು ಗ್ರಾಂ ಅನ್ನುವ ಅಳತೆ. ಅಂಗೈಯಗಲದ ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ, ನೀಲಿ ಬಿಳಿ ಕೂಡುವ ಗೆರೆ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ರಸ ಬೆಳಕನ್ನು ಜಾಸ್ತಿ ಬಾಗಿಸುತ್ತದೆ, ಅಷ್ಟೇ.

18 ಬ್ರಿಕ್ಸ್‌ನ 4 ಕಿಲೋ ದ್ರಾಕ್ಷಿಯಲ್ಲಿ ಸುಮಾರು 720 ಗ್ರಾಂ ಗಟ್ಟಿ ಸರಕಿರುತ್ತದೆ. 15 ಶೇಕಡಾ ತೇವ ಉಳಿಸಿ ಒಣಗಿಸಿದರೆ 850 ಗ್ರಾಂ ಒಣದ್ರಾಕ್ಷಿ. 22 ಬ್ರಿಕ್ಸ್ ಇದ್ದರೆ ಒಂದು ಕಿಲೋ ದಾಟುತ್ತದೆ. ಹಸಿ ತೂಕ ಎರಡರದ್ದೂ ಒಂದೇ! ಅಂದಹಾಗೆ 15 ಶೇಕಡಾ ತೇವದಲ್ಲಿ ದ್ರಾಕ್ಷಿ ಕೆಡುವುದಿಲ್ಲ, ಅದರ ಸಕ್ಕರೆ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೆಣಸಿನಕಾಯಿಯಲ್ಲಿ ಅಷ್ಟು ಸಕ್ಕರೆ ಇಲ್ಲ. ಅದನ್ನು 10ರ ಹತ್ತಿರ ತರಲೇಬೇಕು.

ಹಸಿ, ಒಣ ತೂಕದ ಈ ವ್ಯತ್ಯಾಸ ಕಾನೂನಿನ ಪುಸ್ತಕಕ್ಕೂ ಹೋಗಿದೆ. ಕೆನಡಾದಲ್ಲಿ 2018ರಿಂದ ಹೆಚ್ಚಿನ ಪ್ರಾಂತ್ಯಗಳಲ್ಲಿ ಒಂದು ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸಬಹುದು. ಅಲ್ಲಿನ ಕಾಯ್ದೆ 5 ಗ್ರಾಂ ಹಸಿಯನ್ನು 1 ಗ್ರಾಂ ಒಣದಕ್ಕೆ ಸಮ ಅಂತ ಎಣಿಸುತ್ತದೆ. (ನಮ್ಮಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಮನೆಯಲ್ಲಿ ಗಾಂಜಾದ ಒಂದೇ ಗಿಡ ಬೆಳೆಸಿದರೂ ಅಪರಾಧ.)

ನನ್ನ 2 ಕಿಲೋ 400 ಗ್ರಾಂ ಕೊನೆಗೆ 640 ಗ್ರಾಂ ಆಯಿತು. ಕುಂಡಕ್ಕೆ ಸರಾಸರಿ 46 ಗ್ರಾಂ. ಆದರೆ ನೀರಿನ ಟಾಕಿಯ ನೆರಳಿಗೆ ಮಧ್ಯಾಹ್ನವೆಲ್ಲ ಸಿಗುವ ನಾಲ್ಕು ಕುಂಡಗಳಿವೆ. ಅವುಗಳ ಗಿಡ ಎತ್ತರ, ಎಲೆ ಅಗಲ, ಕಾಯಿ ನೋಡಲು ಚೆಂದ. ಅವು ನಿಜಕ್ಕೂ ಎಷ್ಟು ಕೊಟ್ಟವು ಅಂತ ಎಲ್ಲ ಕಾಯಿ ಒಟ್ಟಿಗೆ ಹರಡಿದ ಮೇಲೆ ಹೇಳೋದು ಹೇಗೆ? ಮುಂದಿನ ಕೊಯ್ಲಿಗೆ ಆ ನಾಲ್ಕರ ಕಾಯಿಗೆ ಅಂತಲೇ ಒಂದು ಬೇರೆ ಮೊರ ತೆಗೆದಿಟ್ಟಿದ್ದೇನೆ.