ಸಿಡಿ ಸಿಕ್ಕಿಕೊಂಡಾಗ ಹುಟ್ಟಿದ ತಾಳ

2000ರ ಆಸುಪಾಸಿನಲ್ಲಿ ಬಳ್ಳಾರಿಯಲ್ಲಿ ಮದುವೆ ಅಂದ್ರೆ ಒಂದು ಸದ್ದು ಖಾಯಂ ಇರುತ್ತಿತ್ತು. ಪಂಕ್ತಿಯಲ್ಲಿ ಜನ ಊಟಕ್ಕೆ ಕೂತಿರುತ್ತಾರೆ, ಸೌಂಡ್ ಬಾಕ್ಸಿನಲ್ಲಿ ಸಿನಿಮಾ ಹಾಡು ಓಡುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಸಿಡಿ ಸಿಕ್ಕಿಕೊಳ್ಳುತ್ತದೆ. 'ಪ್ರೀ-ಪ್ರೀ-ಪ್ರೀ-ಪ್ರೀ'. ಮೈಕ್ ಸೆಟ್ಟಿನವನು ಓಡಿ ಬಂದು ಸಿಡಿ ತೆಗೆದು, ಅಂಗಿಗೆ ಒರೆಸಿ, ಮತ್ತೆ ಹಾಕುವಷ್ಟರಲ್ಲಿ ಹುಡುಗರು ಆ 'ಪ್ರೀ-ಪ್ರೀ'ಗೇ ನಾಲ್ಕು ಹೆಜ್ಜೆ ಹಾಕಿ ಮುಗಿಸಿರುತ್ತಿದ್ದರು.

ದೊಡ್ಡವರಿಗೆ ಅದು ಕೆಟ್ಟ ಸದ್ದು, ಹುಡುಗರಿಗೆ ತಾಳ. ಇಂಥ ಎಡವಟ್ಟು ಸದ್ದುಗಳನ್ನೇ ರ‍್ಯಾಪ್ ಹಾಡಿನ ಬೀಟಿಗೆ ಸೇರಿಸಿ ಕಟ್ಟುವ ಗ್ಲಿಚ್ ಹಾಪ್ ಅನ್ನೋ ಸಂಗೀತದ ಕತೆ ಪೂರ್ತಿ ಈ ಜಗಳದ್ದೇ.

ಗ್ಲಿಚ್ ಅನ್ನೋ ಪದ ಯಂತ್ರ ನೋಡಿಕೊಳ್ಳುವವರ ಬಾಯಲ್ಲಿ ಓಡಾಡುತ್ತಿತ್ತು. ಗಗನಯಾತ್ರಿ ಜಾನ್ ಗ್ಲೆನ್ 1962ರಲ್ಲಿ ಅದಕ್ಕೆ ಅರ್ಥ ಬಿಡಿಸಿ ಬರೆದರು: ಕರೆಂಟಿನ ವೋಲ್ಟೇಜ್ ದಿಢೀರ್ ಅಂತ ಜಿಗಿಯುವುದು. ಇದನ್ನು ರಾಯಚೂರಿನವರಿಗೆ ವಿವರಿಸಿ ಹೇಳಬೇಕಾ? ಶಕ್ತಿನಗರದ ಸ್ಥಾವರ 1985ರಿಂದ ಕರೆಂಟ್ ಮಾಡಿ ರಾಜ್ಯಕ್ಕೆಲ್ಲ ಕಳಿಸುತ್ತಿದೆ. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಪಂಪ್‌ಸೆಟ್ ಮೋಟಾರ್ ಸುಡುವುದು, ಟ್ಯೂಬ್‌ಲೈಟ್ ಪಟಪಟ ಅನ್ನುವುದು ಎಲ್ಲರೂ ಕಂಡಿದ್ದೇ.

ಸಿಡಿ ಯಾಕೆ ಸಿಕ್ಕಿಕೊಳ್ಳುತ್ತದೆ ಅನ್ನೋದು ಸ್ವಲ್ಪ ಮಜವಾಗಿದೆ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ 'ಗೀಚಿದರೂ ಹಾಳಾಗಲ್ಲ' ಅನ್ನೋ ಹೆಸರು ಅದಕ್ಕಿತ್ತು. ಒಂದೊಂದು ಸೆಕೆಂಡಿನ ಸದ್ದನ್ನೂ 44,100 ಸಲ ಅಳೆದ ಅಂಕಿಗಳು ಅದರಲ್ಲಿ ಕೂತಿರುತ್ತವೆ. ಸಣ್ಣ ಗೀರು ಬಿದ್ದರೆ ಪ್ಲೇಯರ್ ಲೆಕ್ಕ ಹಾಕಿ ಸರಿಮಾಡಿಕೊಳ್ಳುತ್ತದೆ. ಗೀರು ಇನ್ನೂ ದೊಡ್ಡದಾದರೆ ಅಂದಾಜಿನ ಮೇಲೆ ತುಂಬುತ್ತದೆ. ಅದೂ ಆಗದಿದ್ದರೆ ಲೇಸರ್ ದಾರಿ ತಪ್ಪುತ್ತದೆ, ಒಂದು ಸುತ್ತು ಹಿಂದಕ್ಕೆ ಜಾರಿ ಅಲ್ಲೇ ಗಿರಕಿ ಹೊಡೆಯುತ್ತದೆ. ಆಡಿಯೊ ಸಿಡಿ ಒಳಗಿನ ಅಂಚಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಗಿನ ಅಂಚಿನಲ್ಲಿ ಸುಮಾರು 200 ಸುತ್ತು ತಿರುಗುತ್ತದೆ. ಓದುವುದು ಒಳಗಿನಿಂದ ಹೊರಗೆ. ಹಾಗಾಗಿ ಮೊದಲನೇ ಹಾಡಿನಲ್ಲಿ ಸಿಕ್ಕಿಕೊಂಡರೆ ತಾಳ ಬಡಬಡ ಓಡುತ್ತದೆ, ಕೊನೇ ಹಾಡಿನಲ್ಲಿ ಸಿಕ್ಕಿಕೊಂಡರೆ ನಿಧಾನ. ಮೈಕ್ ಸೆಟ್ಟಿನವನಿಗೆ ಗೊತ್ತಿರಲಿಲ್ಲ, ಅವನ ಸಿಡಿಗೂ ಲಯ ಬದಲಿಸೋಕೆ ಬರುತ್ತಿತ್ತು!

ಈ ಸದ್ದನ್ನು ಬೇಕಂತಲೇ ಹುಡುಕಿ ಹೋದವರಿದ್ದಾರೆ. 1948ರಲ್ಲೇ ಪ್ಯಾರಿಸ್ಸಿನ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಪಿಯೆರ್ ಶಾಫರ್, ಗ್ರಾಮಫೋನ್ ಪ್ಲೇಟಿನ ಸುರುಳಿ ಗೆರೆಯನ್ನು ಸುತ್ತಿ ಮುಚ್ಚಿ ಒಂದೇ ಸದ್ದು ಮತ್ತೆ ಮತ್ತೆ ಬರುವಂತೆ ಮಾಡಿದ್ದರು. 1985ರ ಹೊತ್ತಿಗೆ ಯಾಸುನಾವೊ ಟೋನೆ ಅನ್ನುವ ಜಪಾನಿ ಕಲಾವಿದ, ತೂತು ಚುಚ್ಚಿದ ಟೇಪನ್ನು ಸಿಡಿಗೆ ಅಂಟಿಸಿ ಪ್ಲೇಯರಿನ ಲೆಕ್ಕ ತಪ್ಪಿಸಿದರು. 90ರ ದಶಕದಲ್ಲಿ ಜರ್ಮನಿಯ ಓವಲ್ ತಂಡದವರು ಸಿಡಿ ಮೇಲೆ ಪೆನ್ನಿನಿಂದ ಗೀಚಿದರು. ಹಾಗೆ ಬಂದ ಎಡವಟ್ಟು ಸದ್ದನ್ನು ಕಂಪ್ಯೂಟರಿಗೆ ತುಂಬಿ ಮೆತ್ತಗಿನ ಸಂಗೀತ ಮಾಡಿದರು. ಚೆನ್ನಾಗಿದೆ, ಆದರೆ ಕುಣಿಯೋಕೆ ಬರಲ್ಲ. ನಿಜ ಹೇಳಬೇಕಂದ್ರೆ ನನಗೆ ಅದು ಅರ್ಧ ಗಂಟೆ ಆದ ಮೇಲೆ ನಿದ್ದೆ ತರಿಸುತ್ತದೆ.

ಕುಣಿಸುವ ಕಡೆಯ ಕತೆ ಬೇರೆ. ಬೀಟಿನ ಮೇಲೆ ಮಾತು ಹರಿಸುವ ರ‍್ಯಾಪ್ ಬೆಳೆದ ಹಿಪ್-ಹಾಪಿಗೆ ಹುಟ್ಟಿದ ದಿನ ಅಂತ ಒಂದನ್ನು ಹೇಳುತ್ತಾರೆ: 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಡಿಜೆ ಕೂಲ್ ಹರ್ಕ್ ಹಾಡು ಹಾಕಿದ ಪಾರ್ಟಿ. ಒಂದೇ ಹಾಡಿನ ಎರಡು ಪ್ಲೇಟ್ ಇಟ್ಟುಕೊಂಡು, ಬರೀ ಡ್ರಮ್ ಬರುವ ತುಂಡನ್ನು ಮತ್ತೆ ಮತ್ತೆ ನುಡಿಸುವುದು ಹರ್ಕ್ ಹೆಸರಾದ ವರಸೆ. 1987ರಲ್ಲಿ ಬಂದ ಎಸ್‌ಪಿ-1200 ಅನ್ನೋ ಸ್ಯಾಂಪ್ಲರ್, ಅಂದ್ರೆ ಸದ್ದಿನ ತುಂಡು ಹಿಡಿದಿಟ್ಟು ಬೇಕಾದಾಗ ನುಡಿಸುವ ಯಂತ್ರ, ಇದೇ ಕೆಲಸವನ್ನು ಗುಂಡಿಗಳಿಗೆ ಇಳಿಸಿತು. ಅದರಲ್ಲಿ ಹಿಡಿಯುತ್ತಿದ್ದ ಸದ್ದು ಒಟ್ಟು 10 ಸೆಕೆಂಡ್ ಮಾತ್ರ. ಬಳಸುವವರು ಸುಮ್ನೆ ಕೂರಲಿಲ್ಲ. ನಿಮಿಷಕ್ಕೆ 33 ಸುತ್ತಿನ ಪ್ಲೇಟನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಒಳಗೆ ಹೋದ ಮೇಲೆ ಮತ್ತೆ ನಿಧಾನ ಮಾಡಿದರು. ಜಾಗವೂ ಉಳಿಯಿತು, ಸದ್ದಿಗೆ ಮರಳು ಕಲಸಿದಂಥ ಒರಟುತನವೂ ಬಂತು. ಆಮೇಲೆ ಜನ ಆ ಮರಳನ್ನೇ ಬೇಕು ಅಂದರು.

ಮುಂದೆ ಡೆಟ್ರಾಯಿಟಿನಲ್ಲಿ ಬೀಟ್ ಕಟ್ಟುತ್ತಿದ್ದ ಜೆ ಡಿಲ್ಲಾ ಇನ್ನೊಂದು ಎಡವಟ್ಟನ್ನು ಉಳಿಸಿಕೊಂಡರು. ಬಾರಿಸಿದ್ದನ್ನು ತಾಳದ ಗೆರೆಗೆ ಕೂರಿಸುವ ಅನುಕೂಲ ಯಂತ್ರದಲ್ಲಿತ್ತು, ಅವರು ಬೀಟನ್ನು ಆ ಗೆರೆಗೆ ಪೂರ್ತಿ ಕೂರಿಸದೆ ಇಟ್ಟರು. ಬೀಟ್ ಒಂದು ಕೂದಲೆಳೆ ಹಿಂದೆ ಮುಂದೆ ಆಗುತ್ತದೆ. ಮುದಗಲ್ಲಿನ ಮೊಹರಂನಲ್ಲಿ ಹಲಗಿ ಕೇಳಿದವರಿಗೆ ಈ ಓಲಾಟ ಗೊತ್ತು. ಚರ್ಮ ಬೆಂಕಿಗೆ ಕಾದಷ್ಟೂ ಸದ್ದು ಬಿಗಿಯಾಗುತ್ತದೆ, ಕೈ ಮಾತ್ರ ತನ್ನ ಪಾಡಿಗೆ ತಾನು ತೂಗುತ್ತಿರುತ್ತದೆ. ಡಿಲ್ಲಾ 2006ರಲ್ಲಿ ತೀರಿಕೊಂಡಾಗ ವಯಸ್ಸು 32.

ಗೀಚಿದ ಸಿಡಿ ಮತ್ತು ಸ್ಯಾಂಪ್ಲರ್ ಒಂದಾಗಿದ್ದು 2000ದ ಸುತ್ತಮುತ್ತ. ಹಲವರು ಒಟ್ಟೊಟ್ಟಿಗೆ ಪ್ರಯತ್ನ ಮಾಡುತ್ತಿದ್ದರು. ನನ್ನ ಲೆಕ್ಕದಲ್ಲಿ ದೊಡ್ಡ ಧೈರ್ಯ ಮಾಡಿದ್ದು ಅಟ್ಲಾಂಟದಲ್ಲಿ ಬೆಳೆದ ಸ್ಕಾಟ್ ಹೆರನ್. ಪ್ರಿಫ್ಯೂಸ್ 73 ಅನ್ನೋ ಹೆಸರಿನಲ್ಲಿ ಅವರ ಮೊದಲ ಆಲ್ಬಮ್ 2001ರಲ್ಲಿ ಬ್ರಿಟನ್ನಿನ ವಾರ್ಪ್ ಕಂಪನಿಯಿಂದ ಬಂತು. ಅದುವರೆಗೆ ರ‍್ಯಾಪಿನಲ್ಲಿ ಮಾತೇ ದೊರೆ, ಬೀಟ್ ಅದರ ಹಿಂದೆ ನಡೆಯುವ ಆಳು. ಹೆರನ್ ಆ ಮಾತನ್ನೇ ಕೊಚ್ಚಿದರು. ಪದ ಪೂರ್ತಿ ಕೇಳಿಸುವ ಮೊದಲೇ ಕತ್ತರಿ ಬೀಳುತ್ತದೆ. ಉಳಿಯುವುದು 'ಟಕ್', 'ಉಶ್', ಉಸಿರು, ಅರ್ಧ ಸ್ವರ. ರ‍್ಯಾಪರ್ ಏನು ಹೇಳಿದ ಅನ್ನೋದು ತಿಳಿಯಲ್ಲ, ಹೇಗೆ ಹೇಳಿದ ಅನ್ನೋದು ತಿಳಿಯುತ್ತದೆ.

ಆಮೇಲೆ ಲಾಸ್ ಏಂಜಲೀಸ್ ಕಡೆ ಇದು ಕ್ಲಬ್ಬಿಗೆ ಹೋಯಿತು. 2010ರಲ್ಲಿ ದಿ ಗ್ಲಿಚ್ ಮಾಬ್ ತಂಡದ ಮೊದಲ ಆಲ್ಬಮ್ ಬರುವ ಹೊತ್ತಿಗೆ ಬೇಸ್ ದಪ್ಪವಾಯಿತು, ಮಾತು ಹಿಂದೆ ಸರಿಯಿತು. ಜಾಸ್ತಿ ಹೇಳೋಕೆ ಏನಿಲ್ಲ.

ನಮ್ಮ ಕಡೆ 'ರ‍್ಯಾಪ್ ನಮ್ಮಲ್ಲಿ ಮೊದಲೇ ಇತ್ತು, ಬುರ್ರಕಥೆ ಅಂದ್ರೆ ಅದೇ' ಅನ್ನೋ ಮಾತು ಆಗಾಗ ಬರುತ್ತದೆ. 2014ರಲ್ಲಿ ತೀರಿಕೊಂಡ ಬುರ್ರಕಥೆ ಕಲಾವಿದೆ ದರೋಜಿ ಈರಮ್ಮನವರನ್ನು ನೆನೆದು ಹೀಗೆ ಹೇಳುತ್ತಾರೆ. ನನಗದು ಸೇರಲ್ಲ. ಬುರ್ರಕಥೆಯಲ್ಲಿ ಪಕ್ಕದವರು ಸೊಲ್ಲು ಎತ್ತಿಕೊಳ್ಳುತ್ತಾರೆ, ನಿಜ. ಆದರೆ ಅದು ಕತೆ ಗಟ್ಟಿಯಾಗಲಿ ಅಂತ. ಮಾತನ್ನು ಒಡೆದು ಚೂರು ಮಾಡುವುದು ಯಂತ್ರದ ಗುಣ, ಗಂಟಲಿನದ್ದಲ್ಲ. ಅದಕ್ಕಿಂತ ಹತ್ತಿರ ಬರುವುದು ಟ್ರ್ಯಾಕ್ಟರ್ ಮೇಲೆ ಸೌಂಡ್ ಬಾಕ್ಸ್ ಪೇರಿಸಿಕೊಂಡು ಹೋಗುವ ಡಿಜೆಗಳು. ಜಾನಪದ ಹಾಡಿನ ನಡುವೆ ತಮ್ಮ ಹೆಸರನ್ನೇ 'ಡಿ-ಡಿ-ಡಿ-ಡಿಜೆ' ಅಂತ ತುಂಡರಿಸಿ ತುರುಕುತ್ತಾರೆ, ಅಲ್ವಾ? ಅವರಿಗೆ ಹೆರನ್ ಗೊತ್ತಿರಬೇಕಾಗಿಲ್ಲ.

ಕನ್ನಡವನ್ನು ಹೀಗೆ ಕೊಚ್ಚುವಾಗ ಒಂದು ತೊಡಕಿದೆ. ನಿಮಿಷಕ್ಕೆ 90 ಬೀಟಿನ ಹಾಡಿನಲ್ಲಿ ಒಂದು ಬೀಟನ್ನು ನಾಲ್ಕು ಮಾಡಿದರೆ ಒಂದೊಂದು ತುಂಡು ಸೆಕೆಂಡಿನ ಆರನೇ ಒಂದು ಭಾಗ. ಸಾಫ್ಟ್‌ವೇರ್ ಆ ಅಳತೆಗೆ ಸರಿಯಾಗಿ ಕತ್ತರಿ ಹಾಕುತ್ತದೆ, ಒತ್ತಕ್ಷರ ನೋಡಲ್ಲ. 'ತ್ತ' ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿ ಒಂದು ಗಳಿಗೆ ನಿಲ್ಲುತ್ತದೆ. ರೆಕಾರ್ಡಿಂಗಿನಲ್ಲಿ ಅದು ಬರೀ ಖಾಲಿ ಜಾಗ. ಅದಕ್ಕೆ ಕತ್ತರಿ ಬಿದ್ದರೆ ಪದವೇ ಬೇರೆ.

ನನಗೆ ಪರಿಚಯದ ಹುಡುಗನೊಬ್ಬ ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ, ರಾತ್ರಿ ಫೋನಿನಲ್ಲಿ ಬೀಟ್ ಕಟ್ಟುತ್ತಾನೆ. ಅಜ್ಜಿ ಬೈದಿದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದ: "ಏ ಕತ್ತೆ, ಕರೆಂಟ್ ಬಂತೇನು?" ಕೊಚ್ಚಿದ ಮೇಲೆ ಅದು "ಏ ಕತೆ, ಏ ಕತೆ, ಏ ಕತೆ" ಆಯಿತು. ಅವನು ಸರಿಮಾಡಲಿಲ್ಲ, ಹಾಗೇ ಬಿಟ್ಟ. ಅಜ್ಜಿಗೆ ಕೇಳಿಸಿದಾಗ ಆಕೆ ಎರಡು ಸಲ ಕೇಳಿ, "ನಾ ಹಂಗ ಅಂದಿಲ್ಲ" ಅಂದರಂತೆ.