ಅಜ್ಜನ ಕೊಡಲಿಗೆ ತುಕ್ಕು ಹಿಡಿದಿದೆ: ತಿಕ್ಕಲೇ, ಬಿಡಲೇ?

ಪ್ರಶ್ನೆ: ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ಕಾಲದ ಒಂದು ಕೊಡಲಿ, ಎರಡು ಉಳಿ, ಒಂದು ಬಾಚಿ, ಒಂದು ಗರಗಸ ಸಿಕ್ಕಿದವು. ಹೆಸರೇ ಗೊತ್ತಿಲ್ಲದ ಇನ್ನೊಂದು ಸಾಮಾನೂ ಇದೆ. ಎಲ್ಲಕ್ಕೂ ತುಕ್ಕು. ತಿಕ್ಕಿ ಹೊಸದರಂತೆ ಮಾಡಬೇಕಾ, ಇಲ್ಲ ಹಾಗೇ ಇಡಬೇಕಾ?

ಉತ್ತರ: ಚುಟುಕಾಗಿ ಹೇಳುವುದಾದರೆ, ಕೆಂಪು ತೆಗೆಯಿರಿ, ಕಪ್ಪು ಬಿಡಿ. ಆದರೆ ಇವತ್ತೇ ಶುರು ಮಾಡಬೇಡಿ. ಅಷ್ಟು ವರ್ಷ ಅಟ್ಟದ ಮೇಲೆ ಬಿದ್ದಿದ್ದು ಇನ್ನೊಂದು ವಾರಕ್ಕೆ ಕರಗಿ ಹೋಗುವುದಿಲ್ಲ. ನಾನು ನೋಡಿದ ಮಟ್ಟಿಗೆ, ಇಂಥ ಸಾಮಾನು ಹಾಳಾಗುವುದು ತುಕ್ಕಿನಿಂದಲ್ಲ, ಸಿಕ್ಕಿದ ದಿನದ ಹುರುಪಿನಿಂದ.

ಕೆಂಪು, ಕಪ್ಪು ಅಂದೆನಲ್ಲ, ಅದನ್ನು ಮೊದಲು ಬಿಡಿಸಿ ಹೇಳುತ್ತೇನೆ. ಕಬ್ಬಿಣಕ್ಕೆ ನೀರಿನ ಪಸೆ ಮತ್ತು ಗಾಳಿಯ ಆಮ್ಲಜನಕ ಎರಡೂ ತಾಗಿದಾಗ ಹುಟ್ಟುವುದು ಕೆಂಪು ತುಕ್ಕು. ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಅದಕ್ಕೆ ಬೇಕು. ಅದಕ್ಕೇ ಉಬ್ಬುತ್ತದೆ, ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಹಕ್ಕಳೆ ಬಿದ್ದ ಕಡೆ ಹೊಸ ಕಬ್ಬಿಣ ಬಯಲಾಗುತ್ತದೆ, ತುಕ್ಕು ಅದನ್ನೂ ತಿನ್ನಲು ಹೊರಡುತ್ತದೆ. ಸಾಲದ್ದಕ್ಕೆ ಸ್ಪಂಜಿನ ಹಾಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಪ್ಪು ಪದರ ಬೇರೆ ಜಾತಿ. ಅದೂ ಕಬ್ಬಿಣದ ಆಕ್ಸೈಡೇ, ಮ್ಯಾಗ್ನೆಟೈಟ್ ಅನ್ನುತ್ತಾರೆ. ತೆಳ್ಳಗೆ, ಬಿಗಿಯಾಗಿ ಅಂಟಿಕೊಂಡಿರುತ್ತದೆ. ಉದುರುವುದಿಲ್ಲ, ಕೆಳಗಿನ ಲೋಹಕ್ಕೆ ಒಂದು ಮಟ್ಟಿಗೆ ಹೊದಿಕೆಯೂ ಆಗುತ್ತದೆ. ಅದರ ಮೇಲೆ ಕೈಯ ಜಿಡ್ಡು, ಎಣ್ಣೆ, ಕುಲುಮೆಯ ಹೊಗೆಯೂ ಕೂತಿರುತ್ತದೆ. ಅದನ್ನು ಕೆರೆದು ಬೆಳ್ಳಗೆ ಮಾಡಿದರೆ ಉಪಕರಣ ಹೊಸದಾಗುವುದಿಲ್ಲ, ಸುಮ್ನೆ ಬತ್ತಲೆಯಾಗುತ್ತದೆ.

ಯಾವುದು ಯಾವುದು ಅಂತ ಗೊತ್ತು ಮಾಡುವುದು ಸುಲಭ. ಒಣ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಕೆಂಪು ಪುಡಿ ಹತ್ತಿದರೆ ತುಕ್ಕು ಇನ್ನೂ ಜೀವಂತ. ಏನೂ ಹತ್ತದೆ ನುಣ್ಣಗೆ, ಕಂದು ಕಪ್ಪಾಗಿದ್ದರೆ ಎಣ್ಣೆ ಸವರಿ ಬಿಡಿ. ಅಲ್ಲಿಗೆ ಕೆಲಸ ಮುಗಿಯಿತು.

ಕೆಂಪು ತೆಗೆಯಲು ನಾನು ಯಾವಾಗಲೂ ಮೆತ್ತಗಿನ ದಾರಿಯಿಂದ ಶುರು ಮಾಡುತ್ತೇನೆ. ಒಣ ಬ್ರಷ್‌ನಲ್ಲಿ ಧೂಳು ಕೊಡವಿ, ಸೀಮೆಎಣ್ಣೆ ಅಥವಾ ತೆಳು ಮಶಿನ್ ಎಣ್ಣೆ ಹಚ್ಚಿ, ಒಂದು ರಾತ್ರಿ ಬಿಡಿ. ಮರುದಿನ ಹಿತ್ತಾಳೆ ತಂತಿಯ ಬ್ರಷ್‌ನಿಂದಲೋ ತೀರಾ ನಯವಾದ ಉಕ್ಕಿನ ನಾರಿನಿಂದಲೋ ಉಜ್ಜಿ. ಹಿತ್ತಾಳೆ ಉಕ್ಕಿಗಿಂತ ಮೆದು, ಹಾಗಾಗಿ ತುಕ್ಕು ಕೀಳುತ್ತದೆ, ಗೀರು ಬೀಳಿಸುವುದಿಲ್ಲ. ಮುಕ್ಕಾಲು ಪಾಲು ಉಪಕರಣಗಳಿಗೆ ಇಷ್ಟೇ ಸಾಕು.

ವಿನೆಗರ್‌ನಲ್ಲಿ ನೆನೆಸಿ ಅಂತ ಎಲ್ಲರೂ ಹೇಳುತ್ತಾರೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಅದರಲ್ಲಿ ಸುಮಾರು 5% ಅಸಿಟಿಕ್ ಆಮ್ಲ ಇರುತ್ತದೆ, ತುಕ್ಕು ಕರಗುತ್ತದೆ. ತೊಂದರೆ ಏನಪ್ಪಾ ಅಂದರೆ, ಅದಕ್ಕೆ ಕೆಂಪು ಕಪ್ಪು ಅನ್ನುವ ಭೇದ ಇಲ್ಲ. ಎರಡನ್ನೂ ತಿಂದು, ಮರೆತು ಬಿಟ್ಟರೆ ಲೋಹವನ್ನೂ ತಿಂದು, ಮಂಕು ಬೂದು ಬಣ್ಣದ ಒಂದು ತುಂಡನ್ನು ಕೈಗೆ ಕೊಡುತ್ತದೆ. ತುಕ್ಕು ಅಷ್ಟು ದಪ್ಪವಿದ್ದರೆ ಮಾತ್ರ ಬಳಸಿ, ಆಗಾಗ ತೆಗೆದು ನೋಡಿ. ಹೊರಗೆ ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ತಕ್ಷಣ ಒರೆಸಿ, ಎಣ್ಣೆ ಹಚ್ಚಬೇಕು. ಫೋನ್ ಬಂತು ಅಂತ ಎದ್ದು ಹೋದರೆ ವಾಪಸ್ ಬರುವಷ್ಟರಲ್ಲಿ ಹೊಸ ಕೆಂಪು ಕೂತಿರುತ್ತದೆ.

ಕೆಲವರು ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಜೋಡಿಸಿ ವಿದ್ಯುತ್ತಿನಿಂದ ತುಕ್ಕು ಬಿಡಿಸುತ್ತಾರೆ. ಉಪಕರಣಕ್ಕೆ ಮೈನಸ್ ತಂತಿ, ಬೇಡದ ಕಬ್ಬಿಣದ ತುಂಡಿಗೆ ಪ್ಲಸ್. ಒಳ್ಳೆಯ ವಿಧಾನವೇ, ಗಟ್ಟಿ ಲೋಹವನ್ನು ಮುಟ್ಟುವುದಿಲ್ಲ. ಆದರೆ ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಲೇಬೇಡಿ, ಕ್ರೋಮಿಯಂನ ವಿಷ ನೀರಿಗೆ ಇಳಿಯುತ್ತದೆ. ಜಲಜನಕವೂ ಏಳುತ್ತದೆ, ಹಾಗಾಗಿ ಬಯಲಲ್ಲೇ ಮಾಡಬೇಕು, ಹತ್ತಿರ ಬೆಂಕಿ ಇರಬಾರದು. ಇನ್ನೊಂದು ಉಪಾಯ ನನಗೆ ಜಾಸ್ತಿ ಇಷ್ಟ. ತುಕ್ಕು ತೆಳ್ಳಗಿದ್ದರೆ, ಹಿಡಿ ಬಿಚ್ಚಿ, ಕಬ್ಬಿಣದ ಭಾಗವನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ. ಕೆಂಪು ತುಕ್ಕು ಕಣ್ಣೆದುರೇ ಕಪ್ಪಾಗುತ್ತದೆ. ಬಂದೂಕಿನ ನಳಿಗೆಗೆ ಕಪ್ಪು ಬಣ್ಣ ಕೂರಿಸಲು ಹಿಂದಿನಿಂದಲೂ ಬಳಸಿದ ತಂತ್ರ ಇದೇ.

ಈಗ ಗ್ರೈಂಡರ್ ವಿಷಯ. ದಯವಿಟ್ಟು ಬೇಡ.

ನನ್ನ ಹತ್ತಿರ ಒಂದು ಉಳಿ ಇದೆ, ಬಾಯಿಯ ಎಡ ಮೂಲೆಯಲ್ಲಿ ಕಡಲೆ ಬೇಳೆಯಷ್ಟು ಜಾಗ ನೀಲಿ. ಅದು ನನ್ನದೇ ಕೈಚಳಕ. ಬಾಯಿ ಮುಕ್ಕಾಗಿತ್ತು, ಬೇಗ ಆಗಲಿ ಅಂತ ತಿರುಗುವ ಕಲ್ಲಿಗೆ ಒತ್ತಿದೆ. ಅಂಚು ಮೊದಲು ಹುಲ್ಲಿನ ಹಳದಿಗೆ ತಿರುಗಿತು, ಕಂದಾಯಿತು, ನೇರಳೆಯಾಯಿತು, ನೀಲಿಯಾಯಿತು. ಹೇಳಲು ಇಷ್ಟು ಹೊತ್ತಾಯಿತು, ಆಗಲು ಒಂದು ಉಸಿರಿನಷ್ಟೂ ಹಿಡಿಯಲಿಲ್ಲ. ಕಮ್ಮಾರನಿಗೆ ಈ ಬಣ್ಣಗಳೇ ಥರ್ಮಾಮೀಟರ್. ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿದಾಗ ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆ ಒಡೆಯಲೂಬಹುದು. ಆಮೇಲೆ ಮತ್ತೆ ಹದವಾಗಿ ಕಾಯಿಸಿ ಸ್ವಲ್ಪ ಮೆದು ಮಾಡುತ್ತಾರೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಉಳಿಗೆ ಹಳದಿಯ ಹದ ಬೇಕು. ನೀಲಿಗೆ ಹೋಯಿತೆಂದರೆ ಹರಿತ ನಿಲ್ಲುವುದಿಲ್ಲ. ನನ್ನ ಉಳಿ ಈಗಲೂ ಆ ಮೂಲೆಯಲ್ಲೇ ಮೊದಲು ಮೊಂಡಾಗುತ್ತದೆ. ನೀಲಿ ಭಾಗ ಸವೆದು ಹೋಗುವ ತನಕ ಕಾಯುತ್ತಿದ್ದೇನೆ.

ಸಾಣೆ ಕಲ್ಲು, ನೀರು, ತಾಳ್ಮೆ. ಬೇರೆ ದಾರಿ ಇಲ್ಲ ಅಂತಲ್ಲ, ಆದರೆ ಬೇರೆ ದಾರಿಗಳಿಗೆ ಪಳಗಿದ ಕೈ ಬೇಕು.

ಹಳೇ ಉಪಕರಣವನ್ನು ಉಜ್ಜಿ ಉಜ್ಜಿ ಸವೆಸಬಾರದು ಅನ್ನಲು ಇನ್ನೊಂದು ಕಾರಣ ಇದೆ. ಹಿಂದೆ ಉಕ್ಕು ದುಬಾರಿ. 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಎರಕದ ಕಬ್ಬಿಣದೊಳಗೆ ಗಾಳಿ ಊದಿ ಉಕ್ಕು ಮಾಡುವ ದಾರಿಗೆ ಪೇಟೆಂಟ್ ಪಡೆದ ಮೇಲೇ ಅದು ಅಗ್ಗವಾಗತೊಡಗಿದ್ದು. ಅದಕ್ಕೆ ಮುಂಚೆ ಕಮ್ಮಾರರು ಇಡೀ ಕೊಡಲಿಯನ್ನು ಉಕ್ಕಿನಲ್ಲಿ ಮಾಡುತ್ತಿರಲಿಲ್ಲ. ಮೈ ಮೆದು ಕಬ್ಬಿಣ, ಬಾಯಿಗೆ ಮಾತ್ರ ಒಂದು ಪಟ್ಟಿ ಉಕ್ಕು. ಎರಡನ್ನೂ ಬಿಳಿ ಕಾವಿಗೆ ಕಾಯಿಸಿ, ಬಡಿದು ಒಂದು ಮಾಡುತ್ತಿದ್ದರು. ಅನೇಕ ಕಡೆ ಈ ಪದ್ಧತಿ ಆಮೇಲೂ ಬಹಳ ಕಾಲ ನಡೆಯಿತು. ಇದು ಬರೀ ಜಿಪುಣತನ ಅಲ್ಲ. ಮೆದು ಮೈ ಪೆಟ್ಟು ತಾಳಿಕೊಳ್ಳುತ್ತದೆ, ಗಟ್ಟಿ ಬಾಯಿ ಕತ್ತರಿಸುತ್ತದೆ. ನಿಮ್ಮದು ಅಂಥದ್ದಾ ಅಂತ ನೋಡಬೇಕಿದ್ದರೆ, ಬಾಯಿಯ ಹತ್ತಿರ ಸ್ವಲ್ಪ ಜಾಗ ನುಣ್ಣಗೆ ಉಜ್ಜಿ ವಿನೆಗರ್ ಒರೆಸಿ. ಸ್ವಲ್ಪ ಹೊತ್ತಿಗೆ ಉಕ್ಕು ಕಪ್ಪಾಗಿ, ಕಬ್ಬಿಣ ತಿಳಿ ಬೂದಾಗಿ, ನಡುವೆ ಬೆಸುಗೆಯ ಗೆರೆ ಕಾಣುತ್ತದೆ. ಕೆಲವು ಹಳೇ ಕೊಡಲಿಗಳಲ್ಲಿ ಆ ಉಕ್ಕು ಬೆರಳಗಲವೂ ಉಳಿದಿರುವುದಿಲ್ಲ. ಅದನ್ನೂ ನೀವೇ ಸವೆಸಿದರೆ ಉಳಿಯುವುದು ಕೊಡಲಿಯ ಆಕಾರದ ಮೆದು ಕಬ್ಬಿಣ.

ಉಳಿ, ಕೀಸುಳಿ, ಗರಗಸಗಳ ಮೇಲೆ ಇಂಗ್ಲಿಷಿನಲ್ಲಿ ‘ಕಾಸ್ಟ್ ಸ್ಟೀಲ್’ ಅಂತ ಮುದ್ರೆ ಇದ್ದರೆ ಎರಕದ ಕಳಪೆ ಮಾಲು ಅಂದುಕೊಂಡು ಗುಜರಿಗೆ ಹಾಕಬೇಡಿ. ಅದು ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು, ಆ ಕಾಲದ ಅತ್ಯುತ್ತಮ ದರ್ಜೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಇದನ್ನು ಶುರು ಮಾಡಿದ. ಅವನಿಗಿಂತ ಬಹಳ ಮುಂಚೆಯೇ ದಕ್ಷಿಣ ಭಾರತದಲ್ಲಿ ಮೂಸೆಯ ಉಕ್ಕು ಮಾಡುತ್ತಿದ್ದರು. ಅದಕ್ಕೆ ಯುರೋಪಿನವರು ಇಟ್ಟ ‘ವೂಟ್ಸ್’ ಅನ್ನುವ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹೋಗಿದ್ದು ಅನ್ನುತ್ತಾರೆ. ಇರಲಿ, ಕೊಡಲಿಗೆ ವಾಪಸ್ ಬರೋಣ.

ಕೊಡಲಿಯ ಕಾವು, ಅಂದರೆ ಮರದ ಹಿಡಿ, ಸಡಿಲ ಆಗಿರುತ್ತದೆ, ಅಲ್ವಾ? ಅಟ್ಟದ ಒಣ ಗಾಳಿಗೆ ಮರ ಕುಗ್ಗಿರುತ್ತದೆ. ಬಕೆಟ್ ನೀರಿನಲ್ಲಿ ಅದ್ದಿಡಿ, ಬಿಗಿಯಾಗುತ್ತದೆ ಅನ್ನುವವರು ಸಿಗುತ್ತಾರೆ. ಆಗುತ್ತದೆ, ಎರಡು ದಿನಕ್ಕೆ. ನೀರು ಕುಡಿದ ಮರ ಕಬ್ಬಿಣದ ತೂತಿನೊಳಗೆ ಊದಲು ಜಾಗವಿಲ್ಲದೆ ತನ್ನ ನಾರನ್ನೇ ಜಜ್ಜಿಕೊಳ್ಳುತ್ತದೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ಬದಲಿಗೆ ಹೀಗೆ ಮಾಡಿ: ಅಲಗು ಕೆಳಗೆ ಬರುವಂತೆ ಕೊಡಲಿಯನ್ನು ಗಾಳಿಯಲ್ಲಿ ತೂಗಾಡಿಸಿ ಹಿಡಿದು, ಕಾವಿನ ಮೇಲ್ತುದಿಗೆ ಮರದ ಸುತ್ತಿಗೆಯಿಂದ ಹೊಡೆಯಿರಿ. ಅಲಗನ್ನು ನೆಲಕ್ಕೆ ತಾಗಿಸಬೇಡಿ. ಮೊದಲ ಸಲ ನೋಡಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಹೊಡೆದರೆ ಅಲಗು ಉದುರಿ ಬೀಳಬೇಕಲ್ಲ? ಬೀಳುವುದಿಲ್ಲ. ಭಾರದ ಅಲಗು ನಿಂತಲ್ಲೇ ನಿಲ್ಲುತ್ತದೆ, ಹಗುರದ ಕಾವು ಅದರೊಳಗೆ ಇಳಿಯುತ್ತದೆ. ಪ್ರತಿ ಪೆಟ್ಟಿಗೂ ಕಾವಿನ ತುದಿ ಕೂದಲೆಳೆಯಷ್ಟು ಹೊರಗೆ ಬರುವುದು ಕಾಣುತ್ತದೆ, ಬಿಗಿಯಾಗುತ್ತಾ ಬಂದಂತೆ ಸದ್ದೂ ಬದಲಾಗುತ್ತದೆ. ಆಮೇಲೆ ಒಣಗಿದ ಗಟ್ಟಿ ಮರದ ಹೊಸ ಬೆಣೆ ಹೊಡೆದರೆ ಸಾಕು.

ಕಾವೇ ಸೀಳಿದ್ದರೆ ಮಮತೆ ಬೇಡ, ಬದಲಿಸಿ. ತಂತಿ ಸುತ್ತಿ, ಅಂಟು ಹಾಕಿ ಮರ ಕಡಿಯಲು ಹೋಗಬೇಡಿ. ಹೊಸ ಕಾವಿಗೆ ನಾರು ನೇರವಾಗಿ ಉದ್ದಕ್ಕೂ ಓಡಿರುವ ಮರ ಬೇಕು. ‘ಕೊಡಲಿ ಕಾವು ಕುಲಕ್ಕೆ ಸಾವು’ ಅನ್ನುವ ಗಾದೆ ಮರದ ಪಾಲಿಗೆ ಹೇಳಿದ್ದು. ನಾರು ಅಡ್ಡ ಓಡಿದ ಕಾವು ಹಿಡಿದವನ ಪಾಲಿಗೂ ಅದೇ ಗತಿ ತರಬಲ್ಲದು. ಹಳೇ ಕಾವನ್ನು ಮಾತ್ರ ಒಲೆಗೆ ಹಾಕಬೇಡಿ. ಎರಡು ತಲೆಮಾರಿನ ಕೈ ತಿದ್ದಿದ ಅಳತೆ ಅದರಲ್ಲಿದೆ. ಹೊಸದಕ್ಕೆ ಅದೇ ಮಾದರಿ.

ಕಾವು ಗಟ್ಟಿ ಇದ್ದರೆ ಮರಳು ಕಾಗದ ಹಾಕಿ ಉಜ್ಜಬೇಡಿ, ವಾರ್ನಿಷ್ ಬಳಿಯಬೇಡಿ. ಅಂಗೈ ಉಜ್ಜಿ ಉಜ್ಜಿ ತಂದ ಹೊಳಪನ್ನು ಯಾವ ಕಾಗದವೂ ವಾಪಸ್ ತರುವುದಿಲ್ಲ. ವಾರ್ನಿಷ್ ಬೆವರಿದ ಕೈಗೆ ಜಾರುತ್ತದೆ, ಬೊಬ್ಬೆಯೂ ಏಳುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತನ್ನಷ್ಟಕ್ಕೇ ಹೊತ್ತಿಕೊಂಡು ಕೊಟ್ಟಿಗೆಗಳೇ ಸುಟ್ಟಿದ್ದಿವೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಗರಗಸದ ಬಗ್ಗೆ ಎರಡೇ ಮಾತು. ಈಗಿನ ಬಹಳಷ್ಟು ಗರಗಸಗಳ ಹಲ್ಲನ್ನು ಅತಿಯಾಗಿ ಗಟ್ಟಿ ಮಾಡಿರುತ್ತಾರೆ, ಅರ ಹತ್ತುವುದಿಲ್ಲ, ಮೊಂಡಾದರೆ ಎಸೆಯಬೇಕು. ಅಜ್ಜನದಕ್ಕೆ ಮೂರು ಮೂಲೆಯ ಅರ ಹಿಡಿದು ಎಷ್ಟು ಸಲ ಬೇಕಾದರೂ ಹಲ್ಲು ಚೂಪು ಮಾಡಬಹುದು. ಅದಕ್ಕೂ ಮುಂಚೆ ಹಲ್ಲನ್ನು ಹತ್ತಿರದಿಂದ ನೋಡಿ: ಸಣ್ಣ ಉಳಿಗಳ ಸಾಲಿನಂತಿದ್ದರೆ ನಾರಿನ ಉದ್ದಕ್ಕೆ ಸೀಳುವ ಗರಗಸ, ಸಣ್ಣ ಚಾಕುಗಳಂತಿದ್ದರೆ ಅಡ್ಡ ಕೊಯ್ಯುವುದು.

ಬಳಸುವ ಮುಂಚೆ ಒಂದು ಪರೀಕ್ಷೆ. ಅಲಗನ್ನು ದಾರದಲ್ಲಿ ನೇತು ಹಾಕಿ ಸಣ್ಣ ಕಬ್ಬಿಣದ ತುಂಡಿನಿಂದ ತಟ್ಟಿ. ಗಂಟೆಯಂತೆ ಗುಂಯ್ ಅಂದರೆ ಒಳ್ಳೆಯ ಲಕ್ಷಣ. ಒಡಕು ಮಡಕೆಯಂತೆ ಬೊದ್ ಅಂದರೆ ಎಲ್ಲೋ ಬಿರುಕಿರಬಹುದು, ಅದನ್ನು ಬಳಸದೆ ಗೋಡೆಗೆ ನೇತು ಹಾಕಿ. ಸುತ್ತಿಗೆ ಏಟು ತಿಂದು ಅಣಬೆಯಂತೆ ಅಂಚು ಹರಡಿದ ಉಳಿ, ಬೆಣೆಗಳನ್ನು ಹಾಗೇ ಹೊಡೆಯಬೇಡಿ. ಆ ಅಂಚಿನ ಚೂರು ಸಿಡಿದರೆ ನೇರ ಕಣ್ಣಿಗೆ. ಅರದಿಂದ ಅಂಚು ತೆಗೆಯಿರಿ. ಅಜ್ಜನ ನೆನಪು ಅಂತ ಬಿಡಬಾರದ ಜಾಗ ಇದೊಂದೇ.

ಎತ್ತಿಡುವಾಗ ಚರ್ಮದ ಒರೆಯಲ್ಲಿ ಇಡಬೇಡಿ, ಅದು ಪಸೆ ಎಳೆಯುತ್ತದೆ. ನೆಲದ ಮೇಲೂ ಬೇಡ. ಅಡುಗೆ ಎಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಅಂಟಂಟಾಗಿ ಧೂಳು ಹಿಡಿಯುತ್ತದೆ, ಮಶಿನ್ ಎಣ್ಣೆಯೇ ವಾಸಿ.

ಇನ್ನು ಆ ಹೆಸರು ಗೊತ್ತಿಲ್ಲದ ಸಾಮಾನು. ಇದಕ್ಕಾಗಿಯೇ ನಾನು ಮೊದಲು ಒಂದು ವಾರ ತಡೆಯಿರಿ ಅಂದಿದ್ದು. ಫೋಟೋ ತೆಗೆದು ನಾಲ್ಕು ಜನರಿಗೆ ಕಳಿಸಿದರೆ ನಾಲ್ಕು ಹೆಸರು ಬರುತ್ತವೆ. ಮನೆಯಲ್ಲಿ ತೀರಾ ವಯಸ್ಸಾದವರು ಯಾರಾದರೂ ಇದ್ದರೆ, ಉಜ್ಜದೆ, ತೊಳೆಯದೆ, ಹಾಗೇ ಅವರ ಕೈಗೆ ಕೊಡಿ. ‘ಇದೇನು?’ ಅಂತ ಕೇಳಬೇಡಿ, ಕೇಳಿದರೆ ‘ಮರೆತೇ ಹೋಗಿದೆ’ ಅನ್ನಬಹುದು. ಸುಮ್ಮನೆ ಕೊಟ್ಟು ಕೈ ನೋಡುತ್ತಿರಿ. ಒಂದು ಸಲ ತಿರುಗಿಸುತ್ತಾರೆ, ಹೆಬ್ಬೆರಳು ಸವೆದ ಗುಳಿ ಹುಡುಕಿಕೊಂಡು ಹೋಗಿ ಕೂರುತ್ತದೆ, ಮಣಿಕಟ್ಟು ಒಂದು ಕಡೆಗೆ ಆಡುತ್ತದೆ. ಎಳೆಯುವುದಾ, ತಳ್ಳುವುದಾ, ಕೆತ್ತುವುದಾ ಅಂತ ಅಲ್ಲೇ ಗೊತ್ತಾಗುತ್ತದೆ. ಹೆಸರು ಆಮೇಲೆ ಬಾಯಿಗೆ ಬರುತ್ತದೆ, ಯಾರು ಬಳಸುತ್ತಿದ್ದರು ಅನ್ನುವುದೂ ಅದರ ಬೆನ್ನಿಗೇ. ಒಂದು ಚೀಟಿಯಲ್ಲಿ ಬರೆದು ಕಾವಿಗೆ ಕಟ್ಟಿ. ಸೀಮೆಎಣ್ಣೆ ಡಬ್ಬ ಆಮೇಲೆ ತೆರೆಯಿರಿ.