ದೂರದರ್ಶನದ ಸಾಕ್ಷ್ಯಚಿತ್ರ ಉತ್ತರ ಕನ್ನಡಕ್ಕೆ ಎಷ್ಟು ಬಂತು, ಎಲ್ಲಿ ನಿಂತಿತು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66ರ ಮೇಲೆ ಬಿತ್ತು. ಚಹಾದಂಗಡಿ ಮಣ್ಣಿನಡಿ ಹೋಯಿತು. ಗ್ಯಾಸ್ ಟ್ಯಾಂಕರ್ ಗಂಗಾವಳಿ ಹೊಳೆಗೆ ಬಿತ್ತು. ಆಮೇಲೆ ವಾರಗಟ್ಟಲೆ ಟಿವಿ ಕ್ಯಾಮೆರಾಗಳು ಅಲ್ಲೇ ಬೀಡುಬಿಟ್ಟವು. ಹೊಳೆಗೆ ಎಷ್ಟು ಜನ ಇಳಿದರು, ಯಾವ ಯಂತ್ರ ಬಂತು, ಯಾವ ಮಂತ್ರಿ ಬಂದರು, ಎಲ್ಲ ಗೊತ್ತಾಯಿತು. ಆದರೆ ಗುಡ್ಡದ ಬುಡವನ್ನು ಹೇಗೆ ಕಡಿದಿದ್ದರು, ಒಳಗಿನ ಮಣ್ಣು ಎಂಥದ್ದು, ನೀರು ಎಲ್ಲಿಂದ ಇಳಿಯುತ್ತಿತ್ತು ಎಂದು ಅರ್ಧ ಗಂಟೆ ಸಮಾಧಾನವಾಗಿ ಬಿಡಿಸಿ ಹೇಳುವ ಕಾರ್ಯಕ್ರಮಕ್ಕೆ ಜನ ಹುಡುಕಾಡಬೇಕಾಯಿತು. ಆಗ ಜಿಲ್ಲೆಯಲ್ಲಿ ಹಳಬರ ಬಾಯಲ್ಲಿ ಒಂದು ಮಾತು ಬಂತು: ಇಂಥದ್ದನ್ನು ದೂರದರ್ಶನ ಮಾಡಬೇಕಿತ್ತು, ಅಲ್ವಾ?

ಯಾಕೆ ಮಾಡಲ್ಲ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ದುಡ್ಡಿಲ್ಲ ಎನ್ನುತ್ತಾರೆ ಒಬ್ಬರು. ಸರ್ಕಾರದ ಟಿವಿ ಸರ್ಕಾರಕ್ಕೆ ಇರುಸುಮುರುಸಾಗುವುದನ್ನು ತೋರಿಸುತ್ತದಾ ಎನ್ನುತ್ತಾರೆ ಇನ್ನೊಬ್ಬರು. ನೋಡುವವರೇ ಇಲ್ಲ, ಟವರ್‌ಗಳನ್ನೇ ಬಂದ್ ಮಾಡಿದರಲ್ಲ ಎನ್ನುವವರೂ ಇದ್ದಾರೆ. ಎಲ್ಲದರಲ್ಲೂ ಸ್ವಲ್ಪ ನಿಜ ಇದೆ. ಆದರೆ ಇವೆಲ್ಲ ಒಂದೇ ಕಾಲಕ್ಕೆ ಬಂದ ತೊಂದರೆಗಳಲ್ಲ. ಒಂದು ಕಳೆಯುವ ಮೊದಲೇ ಇನ್ನೊಂದು ಬಂದು ಸೇರಿಕೊಂಡಿದೆ. ಅದಕ್ಕೇ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಟಿವಿಗಿಂತ ಮೊದಲು ಸಾಕ್ಷ್ಯಚಿತ್ರ ಎಂದರೆ ಫಿಲ್ಮ್ಸ್ ಡಿವಿಷನ್. 1948ರಲ್ಲಿ ಕೇಂದ್ರ ಸರ್ಕಾರ ಅದನ್ನು ಶುರು ಮಾಡಿತು. ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ಅದರ ರೀಲು ಹಾಕಲೇಬೇಕು ಎಂಬ ನಿಯಮ ಇತ್ತು. ಅಣೆಕಟ್ಟು, ಗೊಬ್ಬರದ ಕಾರ್ಖಾನೆ, ನೆರೆ, ಕುಟುಂಬ ಯೋಜನೆ ಎಲ್ಲ ಅದರಲ್ಲಿ ಬಂದವು. ತುಂಬ ಒಳ್ಳೆಯ ಚಿತ್ರಗಳೂ ಇದ್ದವು. ಆದರೆ ಸಾಕ್ಷ್ಯಚಿತ್ರ ಎಂದರೆ ಸರ್ಕಾರ ಹೇಳುವುದು, ನಾವು ಸುಮ್ನೆ ಕೂತು ಕೇಳುವುದು ಎಂಬ ಭಾವನೆ ಜನರಲ್ಲಿ ಬೇರೂರಿದ್ದು ಆಗಲೇ.

ಟಿವಿಯೂ ಪಾಠ ಹೇಳುವ ಪೆಟ್ಟಿಗೆಯಾಗಿಯೇ ಹುಟ್ಟಿತು. 1959ರ ಸೆಪ್ಟೆಂಬರ್ 15ಕ್ಕೆ ದೆಹಲಿಯಲ್ಲಿ ಪ್ರಯೋಗ ಎಂದು ಆರಂಭ. 1967ರಲ್ಲಿ ರೈತರಿಗೆ ಕೃಷಿ ದರ್ಶನ. 1975–76ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕೊಟ್ಟ ಸೈಟ್ ಪ್ರಯೋಗ. ಕರ್ನಾಟಕದಲ್ಲಿ ಅದು ರಾಯಚೂರು, ವಿಜಾಪುರ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಗೆ ಬಂತು. ನಮ್ಮ ಜಿಲ್ಲೆಗೆ ಬರಲಿಲ್ಲ. ನಮಗೆ ಆಗ ರೇಡಿಯೋ ಮಾತ್ರ, ಅದೂ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ.

ಹಾಗಾಗಿ ಇಲ್ಲಿನ ದೊಡ್ಡ ಚರ್ಚೆಗಳು ಟಿವಿ ಇಲ್ಲದೆಯೇ ನಡೆದವು. ಬೇಡ್ತಿ ನದಿಯ ವಿದ್ಯುತ್ ಯೋಜನೆ ಬೇಕೋ ಬೇಡವೋ ಎಂದು 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ ಮುಂದೆ ನಿಂತು ಮಾಡಿದ ಕೆಲಸ ಅದು. ವಿಜ್ಞಾನಿಗಳು, ಎಂಜಿನಿಯರುಗಳು, ತೋಟಿಗರು ಒಟ್ಟಿಗೆ ಕೂತು ಲಾಭ ನಷ್ಟದ ಲೆಕ್ಕ ಹಾಕಿದರು. ಎಷ್ಟು ಕಾಡು ಹೋಗುತ್ತದೆ, ಎಷ್ಟು ತೋಟ ಮುಳುಗುತ್ತದೆ, ಎಷ್ಟು ಕರೆಂಟು ಸಿಗುತ್ತದೆ ಎಂದು ಒಂದೊಂದಾಗಿ ಎತ್ತಿ ನೋಡಿದರು. ಒಳ್ಳೆಯ ಸಾಕ್ಷ್ಯಚಿತ್ರ ಮಾಡುವ ಕೆಲಸವೂ ಇದೇ ಅಲ್ವಾ? ಅದನ್ನು ಕ್ಯಾಮೆರಾ ಇಲ್ಲದೆ ಜನರೇ ಮಾಡಿಕೊಂಡರು.

ಇನ್ನೊಂದು ತಾರೀಕನ್ನೂ ನೋಡಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ, ಕಡಿಯಬೇಡಿ ಎಂದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಪ್ರಸಾರ ಆರಂಭಿಸಿದ್ದು ಅದೇ ವರ್ಷ ನವೆಂಬರ್ 1ಕ್ಕೆ. ಬೆಂಗಳೂರಿನ ಟಿವಿ ಹುಟ್ಟುವ ಹೊತ್ತಿಗೆ ಇಲ್ಲಿ ಕತೆ ಆಗಲೇ ನಡೆಯುತ್ತಿತ್ತು. ಎರಡು ತಿಂಗಳೂ ಅಂತರವಿಲ್ಲ.

ಆದರೆ ಬೆಂಗಳೂರಿನಲ್ಲಿ ಟಿವಿ ಶುರುವಾದ ಕೂಡಲೇ ಕಾರವಾರದಲ್ಲಿ ಕನ್ನಡ ಕಾಣಲಿಲ್ಲ. ಇದು ಈಗಿನವರಿಗೆ ಗೊತ್ತಿರುವುದು ಕಡಿಮೆ. 1982ರಲ್ಲಿ ಬಣ್ಣದ ಟಿವಿ ಮತ್ತು ರಾಷ್ಟ್ರೀಯ ಕಾರ್ಯಕ್ರಮ ಬಂದವು. 1984ರಲ್ಲಿ ಒಂದಷ್ಟು ತಿಂಗಳು ದೇಶದಲ್ಲಿ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ಹಾಕಿದರು. ಹೆಚ್ಚಿನವು ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು. ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮ ಹಿಡಿದು ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್ ದೂರಕ್ಕೆ ಬಿಡುವುದಷ್ಟೇ ಅವುಗಳ ಕೆಲಸ. ಬೆಂಗಳೂರಿನ ಕನ್ನಡ ಕಾರ್ಯಕ್ರಮ ಉಪಗ್ರಹದ ಮೂಲಕ ರಾಜ್ಯದ ಮೂಲೆಮೂಲೆಗೆ ಸಿಗತೊಡಗಿದ್ದು 1990ರ ದಶಕದಲ್ಲಿ. ಮುಂದೆ ಅದೇ ಚಂದನ ವಾಹಿನಿಯಾಯಿತು. ಅಲ್ಲಿಯವರೆಗೆ ಇಂಥ ಊರುಗಳು ಟಿವಿಯಲ್ಲಿ ಹಿಂದಿ, ಇಂಗ್ಲಿಷ್ ಸುದ್ದಿ ಮತ್ತು ದೆಹಲಿಯ ಸಾಕ್ಷ್ಯಚಿತ್ರಗಳನ್ನೇ ನೋಡಿದವು. ಘಟ್ಟದ ಊರುಗಳಲ್ಲಿ ಅದೂ ಕಷ್ಟ. ಅಡ್ಡ ಗುಡ್ಡವಿದ್ದರೆ ಸಿಗ್ನಲ್ ಇಲ್ಲ. ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಹೊರಗೆ ತಿರುಗಿಸುವುದು, ಒಬ್ಬರು ಒಳಗಿಂದ ಕೂಗುವುದು. ಗಾಳಿ ಮಳೆ ಬಂದರೆ ಮತ್ತೆ ಬರೀ ಚುಕ್ಕಿ.

ಈ ಹತ್ತು ಹನ್ನೆರಡು ವರ್ಷಗಳೇ ನಮಗೆ ಮುಖ್ಯ. ಜಿಲ್ಲೆಯ ನಕ್ಷೆ ಬದಲಾದದ್ದು ಆಗಲೇ. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ಹಳೆಯ ಸೂಪಾ ಪೇಟೆ ಮುಳುಗಿತು, ಜನ ರಾಮನಗರದ ಕಡೆ ಹೋದರು. 1986ರಲ್ಲಿ ಕಾರವಾರದ ಹತ್ತಿರ ನೌಕಾನೆಲೆಗೆ ಶಂಕುಸ್ಥಾಪನೆ ಆಯಿತು. ಸೀಬರ್ಡ್ ಎಂಬ ಈ ನೌಕಾನೆಲೆ ಯೋಜನೆಗೆ ಕಾರವಾರ, ಅಂಕೋಲಾ ತಾಲೂಕಿನ 4000ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಸಮುದ್ರದ ದಂಡೆ ಬಿಟ್ಟವು. ಪರಿಹಾರದ ಕೇಸುಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ವರ್ಷಗಟ್ಟಲೆ ನಡೆದವು. 1989ರಲ್ಲಿ ಕೈಗಾ ಅಣುಸ್ಥಾವರದ ಕೆಲಸ ಶುರುವಾಯಿತು. ಅದೇ ವರ್ಷದ ಲೋಕಸಭೆ ಚುನಾವಣೆಗೆ ಶಿವರಾಮ ಕಾರಂತರು ಇಲ್ಲಿಂದಲೇ ನಿಂತರು, ಪರಿಸರದ ವಿಷಯ ಎತ್ತಿಕೊಂಡು. ಗೆಲ್ಲಲಿಲ್ಲ. ಆದರೆ ಒಂದು ಜಿಲ್ಲೆಯಲ್ಲಿ ಇಷ್ಟೆಲ್ಲ ಒಟ್ಟೊಟ್ಟಿಗೆ ನಡೆಯುವುದು ಅಪರೂಪ. ದಾಖಲಿಸಲು ಇದಕ್ಕಿಂತ ಒಳ್ಳೆಯ ಕಾಲ ಬರುವುದಿಲ್ಲ.

ಆಗ ದೂರದರ್ಶನದಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂದು ತಿಳಿದರೆ ತೊಡಕು ಅರ್ಥವಾಗುತ್ತದೆ. ತಂಡ ಬೆಂಗಳೂರಿನಿಂದ ಬರಬೇಕು. ಶಿರಸಿಗೆ ಸುಮಾರು 400 ಕಿಲೋಮೀಟರ್, ಕಾರವಾರಕ್ಕೆ 500ರ ಮೇಲೆ. ಭಾರದ ಕ್ಯಾಮೆರಾ, ಬೇರೆ ರೆಕಾರ್ಡರ್, ಲೈಟು, ಜೀಪು. ದಿನಭತ್ಯೆಯ ಲೆಕ್ಕ. ನೌಕಾನೆಲೆ, ಅಣುಸ್ಥಾವರದಂಥ ಕಡೆ ಪರವಾನಗಿ ಇಲ್ಲದೆ ಚಿತ್ರೀಕರಣ ಮಾಡುವ ಹಾಗಿಲ್ಲ. ಇನ್ನು ಮಳೆಗಾಲದಲ್ಲಿ ಆ ಯಂತ್ರಗಳನ್ನು ಹೊತ್ತು ಕಾಡಿನ ದಾರಿಯಲ್ಲಿ ನಡೆಯುವುದು ಎಷ್ಟು ಕಷ್ಟ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಇಂಥ ಸ್ಥಿತಿಯಲ್ಲಿ ಯಾರೇ ಆಗಲಿ ಸುಲಭಕ್ಕೆ ಸಿಗುವುದನ್ನು ಆರಿಸಿಕೊಳ್ಳುತ್ತಾರೆ. ಯಕ್ಷಗಾನ, ಹಾಲಕ್ಕಿಗಳ ಸುಗ್ಗಿ ಕುಣಿತ, ಸಿದ್ದಿಗಳ ಡಮಾಮಿ ಕುಣಿತ, ಜೋರು ಮಳೆ ಕಳೆದ ಮೇಲಿನ ಜಲಪಾತ, ಬನವಾಸಿಯ ದೇವಸ್ಥಾನ. ಟಿವಿಯಲ್ಲಿ ಉತ್ತರ ಕನ್ನಡ ಎಂದರೆ ಇವೇ ಎಂಬಂತಾಯಿತು.

ಇವು ಬೇಡವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಯಕ್ಷಗಾನ ಬಡಗುತಿಟ್ಟಿನ ಹಿರಿಯ ವೇಷಧಾರಿಗಳ ಒಂದು ತುಣುಕು ಉಳಿದಿದ್ದರೂ ಅದು ಚಿನ್ನ. ಇಡೀ ರಾತ್ರಿಯ ಆಟವನ್ನು ಸ್ಟುಡಿಯೋದಲ್ಲಿ ಅರ್ಧ ಗಂಟೆಗೆ ಇಳಿಸಿದರೂ ಭಾಗವತರ ದನಿ ಉಳಿಯಿತಲ್ಲ. ಬೇಸರ ಬೇರೆ ಕಡೆಗಿದೆ. ಸುಗ್ಗಿ ಕುಣಿಯುವ ಹಾಲಕ್ಕಿಗೆ ಗದ್ದೆಯೂ ಇತ್ತು, ಆ ಗದ್ದೆಗೆ ಭೂಸ್ವಾಧೀನದ ನೋಟಿಸೂ ಬಂದಿತ್ತು. ಕುಣಿತ ಒಂದು ಕಾರ್ಯಕ್ರಮ, ನೋಟಿಸು ಇನ್ನೊಂದು ಇಲಾಖೆಯ ವಿಷಯ ಎಂದು ಎರಡನ್ನೂ ಬೇರೆ ಬೇರೆ ಮಾಡುವ ರೂಢಿ ಬೆಳೆಯಿತು. ಒಬ್ಬ ಅಧಿಕಾರಿ ಕೂತು ಹೀಗೇ ಆಗಲಿ ಎಂದು ಹೇಳಿರಲಿಕ್ಕಿಲ್ಲ. ಕಲೆಗೆ ಒಂದು ವಿಭಾಗ, ಕೃಷಿಗೆ ಒಂದು, ಸುದ್ದಿಗೆ ಒಂದು ಎಂದು ಹಂಚಿಕೊಂಡಾಗ ಹೀಗಾಗುತ್ತದೆ.

ತೋರಿಸಲು ಹಿಂಜರಿಕೆ ಇತ್ತೇ? ಇತ್ತು, ಅದು ಕೋರ್ಟಿನ ದಾಖಲೆಯಲ್ಲೇ ಇದೆ. ಭೋಪಾಲ ಅನಿಲ ದುರಂತದ ಮೇಲೆ ಬಂದ ‘ಬಿಯಾಂಡ್ ಜೀನೊಸೈಡ್’ ಎಂಬ ಸಾಕ್ಷ್ಯಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು. ಆದರೂ ದೂರದರ್ಶನ ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ವಿಷಯ ಹಳೆಯದಾಯಿತು, ಕೇಸು ಕೋರ್ಟಿನಲ್ಲಿದೆ ಎಂಬಂಥ ಕಾರಣಗಳನ್ನು ಕೊಟ್ಟಿತು. 1992ರಲ್ಲಿ ಸುಪ್ರೀಂ ಕೋರ್ಟ್ ಆ ಕಾರಣಗಳನ್ನು ಒಪ್ಪದೆ, ಚಿತ್ರ ಪ್ರಸಾರವಾಗಲಿ ಎಂದಿತು. 1995ರಲ್ಲಿ ಕ್ರಿಕೆಟ್ ಪ್ರಸಾರದ ಕೇಸೊಂದರಲ್ಲಿ ಅದೇ ಕೋರ್ಟ್, ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಹೇಳಿತು. ಕಾನೂನಿನ ಮಾತು ಸ್ಪಷ್ಟವಾಯಿತು. ಆದರೆ ಇದರಿಂದ ಬಲ ಬಂದದ್ದು ಕೋರ್ಟಿಗೆ ಹೋಗಲು ತಾಕತ್ತಿದ್ದವರಿಗೆ. ಅರ್ಗಾ, ಬಿಣಗಾದ ಕಡೆಯ ಮೀನುಗಾರರು ಪರಿಹಾರದ ಕೇಸನ್ನೇ ನಡೆಸಲು ಒದ್ದಾಡುತ್ತಿದ್ದರು. ತಮ್ಮ ಕತೆ ಟಿವಿಯಲ್ಲಿ ಬರಲಿ ಎಂದು ಇನ್ನೊಂದು ಕೇಸು ಹಾಕುತ್ತಾರಾ?

ಈ ನಡುವೆ ಪ್ರಾಯೋಜಕರ ಕಾಲವೂ ಬಂದಿತ್ತು. ಹೊರಗಿನ ನಿರ್ಮಾಪಕರು ಕಾರ್ಯಕ್ರಮ ಮಾಡಿ, ಜಾಹೀರಾತಿನಿಂದ ಖರ್ಚು ತೆಗೆಯುವ ದಾರಿ ಅದು. 1990ರಲ್ಲಿ ಶುರುವಾದ ಸುರಭಿ ಇದಕ್ಕೆ ಒಳ್ಳೆಯ ಉದಾಹರಣೆ. ದೇಶದ ಕಲೆ, ಕಸುಬು, ಊರುಗಳ ಬಗ್ಗೆ ಭಾನುವಾರ ನೋಡಲು ಜನ ಕಾದಿರುತ್ತಿದ್ದರು. ಲಕ್ಷಗಟ್ಟಲೆ ಪೋಸ್ಟ್ ಕಾರ್ಡ್ ಬಂದು, ಅಂಚೆ ಇಲಾಖೆ ಸ್ಪರ್ಧೆಗೆಂದೇ ಬೇರೆ ಕಾರ್ಡ್ ತರಬೇಕಾಯಿತು. ಮಾಹಿತಿಯ ಕಾರ್ಯಕ್ರಮ ಜನ ನೋಡಲ್ಲ ಎನ್ನುವವರು ಇದನ್ನು ನೆನಪಿಡಬೇಕು. ಆದರೆ ಬೆಣ್ಣೆ, ಸೋಪು ಮಾರುವ ಕಂಪನಿ ಮುಳುಗಡೆಯ ಕತೆಗೆ ದುಡ್ಡು ಹಾಕುವುದಿಲ್ಲ. ಅದಕ್ಕೆ ಸಾರ್ವಜನಿಕ ದುಡ್ಡೇ ಬೇಕು.

1994ರ ಮೇ 13ರಂದು ಕೈಗಾದ ಮೊದಲ ಘಟಕದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕಳಚಿ ಬಿತ್ತು. ಸ್ಥಾವರ ಇನ್ನೂ ಶುರುವಾಗಿರಲಿಲ್ಲ, ಇಂಧನ ತುಂಬಿರಲಿಲ್ಲ. ಹಾಗಾಗಿ ವಿಕಿರಣದ ಮಾತು ಇರಲಿಲ್ಲ. ಆದರೆ ಜನರಿಗೆ ಅದನ್ನು ಚಿತ್ರ ಹಾಕಿ ವಿವರಿಸುವವರು ಬೇಕಿತ್ತು. ಒಳಗಿನ ಗುಮ್ಮಟ ಅಂದರೆ ಏನು, ಹೊರಗಿನದ್ದು ಏನು, ಬಿದ್ದದ್ದು ಯಾಕೆ, ಇನ್ನೊಮ್ಮೆ ಹೇಗೆ ಕಟ್ಟುತ್ತಾರೆ? ಸ್ಥಾವರದ ಪರ ಇದ್ದವರಿಗೂ ವಿರುದ್ಧ ಇದ್ದವರಿಗೂ ಈ ವಿವರಣೆ ಬೇಕಿತ್ತು. ವಿವರ ಸಿಗದ ಕಡೆ ಗಾಳಿಮಾತು ಜಾಸ್ತಿಯಾಗುತ್ತದೆ, ಆಗಲೂ ಹಾಗೇ ಆಯಿತು. ಕೈಗಾದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದದ್ದು 2000ದ ಹೊತ್ತಿಗೆ.

ಅಷ್ಟರಲ್ಲಿ ಪೇಟೆಗಳಿಗೆ ಕೇಬಲ್ ಬಂದಿತ್ತು. 1990ರಲ್ಲೇ ಪಾಸಾಗಿದ್ದ ಪ್ರಸಾರ ಭಾರತಿ ಕಾಯ್ದೆ ಜಾರಿಯಾದದ್ದು 1997ರಲ್ಲಿ. ಕಾಗದದ ಮೇಲೆ ದೂರದರ್ಶನ ಸ್ವತಂತ್ರ ಸಂಸ್ಥೆಯ ಭಾಗವಾಯಿತು. ಸಂಬಳ, ಖರ್ಚಿಗೆ ಮಾತ್ರ ಕೇಂದ್ರದ ಕಡೆಯೇ ನೋಡಬೇಕು. ಮೇಲಿಂದ ಖಾಸಗಿ ವಾಹಿನಿಗಳ ಜೊತೆ ಆದಾಯದ ಪೈಪೋಟಿ. ನಿಧಾನವಾಗಿ, ತಿಂಗಳುಗಟ್ಟಲೆ ಓಡಾಡಿ ಮಾಡುವ ಕೆಲಸಕ್ಕೆ ಮೊದಲು ಕತ್ತರಿ ಬೀಳುವುದು ಇಂಥ ಕಾಲದಲ್ಲೇ. ಆದರೂ ಒಳ್ಳೆಯ ಪ್ರಯತ್ನಗಳು ನಿಲ್ಲಲಿಲ್ಲ. 2000ದಲ್ಲಿ ಹುಟ್ಟಿದ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್, ದೂರದರ್ಶನದ ಜೊತೆ ಸೇರಿ ಸ್ವತಂತ್ರ ನಿರ್ದೇಶಕರಿಂದ ನೂರಾರು ಸಾಕ್ಷ್ಯಚಿತ್ರ ಮಾಡಿಸಿತು. ಚಂದನದಲ್ಲಿ ‘ಥಟ್ ಅಂತ ಹೇಳಿ’ ವರ್ಷಗಟ್ಟಲೆ ನಡೆದು, ತಿಳಿವಳಿಕೆಯ ಕಾರ್ಯಕ್ರಮಕ್ಕೆ ಕನ್ನಡದಲ್ಲಿ ನೋಡುಗರು ಇದ್ದಾರೆ ಎಂದು ತೋರಿಸಿತು.

ಮುಂದಿನದ್ದು ಬೇಗ ಹೇಳಿ ಮುಗಿಸಬಹುದು. 2004ರ ಕೊನೆಗೆ ತಿಂಗಳ ಬಾಡಿಗೆ ಇಲ್ಲದ ಡಿಶ್ ಬಂತು, ಈಗಿನ ಡಿಡಿ ಫ್ರೀ ಡಿಶ್. ಗುಡ್ಡದ ಮರೆಯ ಮನೆಗಳಿಗೂ ಟಿವಿ ಸಿಕ್ಕಿತು. ಆ ಮಟ್ಟಿಗೆ ಘಟ್ಟದವರಿಗೆ ಅದು ದೊಡ್ಡ ಉಪಕಾರ. 2022ರ ಹೊತ್ತಿಗೆ ದೇಶದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಹೆಚ್ಚುಕಡಿಮೆ ಎಲ್ಲ ಬಂದ್ ಆದವು. ಅದೇ ವರ್ಷ ಫಿಲ್ಮ್ಸ್ ಡಿವಿಷನ್ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತು. 2023ರಲ್ಲಿ ಆಕಾಶವಾಣಿ, ದೂರದರ್ಶನದ ಯಂತ್ರೋಪಕರಣ ಸುಧಾರಣೆಗೆ ಕೇಂದ್ರ 2539 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಮೊಬೈಲ್‌ನಲ್ಲಿ ನೋಡಲು ಪ್ರಸಾರ ಭಾರತಿಯ ‘ವೇವ್ಸ್’ ಆ್ಯಪ್ ಬಂತು. ಅಂದರೆ ತಲುಪಿಸುವ ದಾರಿಗೆ ಈಗ ಕೊರತೆ ಇಲ್ಲ. ಇಲ್ಲಿಂದ ಯಾರು ಏನು ಮಾಡಿ ಕಳಿಸಬೇಕು ಎಂಬುದೇ ಉಳಿದಿರುವ ಪ್ರಶ್ನೆ.

ವಿಷಯಕ್ಕಂತೂ ಬರವಿಲ್ಲ. ಬೇಡ್ತಿ ಮತ್ತೆ ಸುದ್ದಿಯಲ್ಲಿದೆ, ಈ ಸಲ ವರದಾ ನದಿಗೆ ಜೋಡಿಸುವ ಮಾತು. ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರಿನ ತಕರಾರು. ಶಿರೂರಿನ ಗುಡ್ಡ ಅಂತೂ ಇದ್ದೇ ಇದೆ. ಕಾರವಾರದಲ್ಲಿ ಆಕಾಶವಾಣಿ ಕೇಂದ್ರ ಇದೆ. ಅಲ್ಲೇ ಒಂದು ಸಣ್ಣ ಕ್ಯಾಮೆರಾ ತಂಡ ಇದ್ದರೆ ಮಳೆಗಾಲದ ಜುಲೈ ತಿಂಗಳು ದಾಖಲಾಗುತ್ತದೆ. ಬೆಂಗಳೂರಿನಿಂದ ಜೀಪು ಬರಲಿ ಎಂದು ಕಾಯಬೇಕಿಲ್ಲ. ಈಗಿನ ಕ್ಯಾಮೆರಾ ಕೈಚೀಲದಲ್ಲಿ ಹಿಡಿಯುತ್ತದೆ.

ಇನ್ನೊಂದು ಕೆಲಸ ಇದಕ್ಕಿಂತ ಬೇಗ ಆಗಬೇಕು. ಟೇಪು ದುಬಾರಿ ಎಂದು ದೂರದರ್ಶನದಲ್ಲಿ ಹಳೆಯದರ ಮೇಲೇ ಹೊಸದನ್ನು ರೆಕಾರ್ಡ್ ಮಾಡುತ್ತಿದ್ದ ಕಾಲ ಇತ್ತು. ಹಾಗೆ ಅಳಿಸಿಹೋದದ್ದು ಹೋಯಿತು. ಉಳಿದದ್ದನ್ನು ಡಿಜಿಟಲ್ ಮಾಡುವ ಕೆಲಸ ನಡೆದಿದೆ, ಪ್ರಸಾರ ಭಾರತಿ ಅದರಲ್ಲಿ ಒಂದಷ್ಟನ್ನು ಯೂಟ್ಯೂಬ್‌ಗೂ ಹಾಕಿದೆ. ಇದು ನಿಜಕ್ಕೂ ಸಂತೋಷದ ವಿಷಯ. ನಾನು ಕೇಳುವುದು ತಾಲೂಕುವಾರು ಪಟ್ಟಿ. ಜೋಯಿಡಾ, ಯಲ್ಲಾಪುರ, ಅಂಕೋಲಾ ಎಂದು ಹುಡುಕಿದರೆ ಆ ತಾಲೂಕಿನಲ್ಲಿ ಚಿತ್ರೀಕರಿಸಿದ್ದೆಲ್ಲ ಸಿಗುವ ಹಾಗೆ. ಪ್ರಸಾರವಾಗದ ಉಳಿಕೆ ದೃಶ್ಯಗಳೂ ಸೇರಿ. ಊರಿನ ಹೆಸರು, ಹಾಡುವವರ ಹೆಸರು, ಹಿಂದೆ ಕಾಣುವ ಗದ್ದೆ ಯಾವುದು ಎಂದು ಗುರುತಿಸಬಲ್ಲವರು ಇಲ್ಲೇ ಇದ್ದಾರೆ. ಗಿಡ ಬೆಳೆಸಿದ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ, ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸೂಪಾ ಪೇಟೆಯ ಬೀದಿಗಳಲ್ಲಿ ಓಡಾಡಿದವರಿಗೆ ಈಗ ವಯಸ್ಸಾಗಿದೆ. ಪಟ್ಟಿ ಮಾಡಲು ದೊಡ್ಡ ಬಜೆಟ್ ಬೇಡ. ಶಿರಸಿ, ಕಾರವಾರದ ಕಾಲೇಜುಗಳ ಹುಡುಗರು ಹಿರಿಯರ ಜೊತೆ ಕೂತು ಬರೆದುಕೊಡಬಹುದು. ಅದಕ್ಕೆ ಆ ದೃಶ್ಯಗಳು ಮೊದಲು ಅವರ ಕಣ್ಣಿಗೆ ಬೀಳಬೇಕು.